ಕೊಟ್ಟಿಗೆಯ ಯೆಜ್ಡಿ ಮಾರಬೇಡಿ, ಹೊರಗೆ ತನ್ನಿ

ಹೋದ ಭಾನುವಾರ ಆನವಟ್ಟಿ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಗೂಡ್ಸ್ ಆಟೋ ನಿಂತಿತ್ತು. ಹಿಂದೆ ಹಗ್ಗ ಬಿಗಿದ ಮೂರು ಗಾಡಿ. ಒಂದು ರಾಜದೂತ್, ಒಂದು ಆರ್‌ಎಕ್ಸ್ 100ರ ಬರೀ ಅಸ್ಥಿಪಂಜರ, ಇನ್ನೊಂದು ಯೆಜ್ಡಿ. ಯೆಜ್ಡಿಯ ಸೀಟಿನ ಮೇಲೆ ಕೋಳಿ ಹಿಕ್ಕೆ ಒಣಗಿತ್ತು. ಟ್ಯಾಂಕಿನ ಮೇಲೆ ಯಾವ ಕಾಲದ್ದೋ ಆಯುಧ ಪೂಜೆಯ ಕುಂಕುಮ ಹಾಗೇ ಇತ್ತು.

ಎಲ್ಲಿಗೆ ಅಂತ ಕೇಳಿದೆವು. "ಬೆಂಗಳೂರಿಗೆ ಸಾರ್, ಅಲ್ಲಿ ಇದರ ಹುಚ್ಚು ಹಿಡಿದೋರು ಇದಾರೆ" ಅಂದ ಆಟೋದವನು. ಎಷ್ಟಕ್ಕೆ ತಗೊಂಡ್ರಿ ಅಂದಿದ್ದಕ್ಕೆ ಟೀ ಲೋಟದ ಹಿಂದೆ ನಕ್ಕ. "ಗುಜರಿ ರೇಟು. ಆ ಯಜಮಾನ್ರು ಜಾಗ ಖಾಲಿ ಆದ್ರೆ ಸಾಕು ಅಂದ್ರು."

ಜಾಗ ಖಾಲಿಯಾಯ್ತು, ನಿಜ. ಆ ಜಾಗದಲ್ಲಿ ಈಗ ಎರಡು ಚೀಲ ಗೊಬ್ಬರ ನಿಲ್ಲಿಸಬಹುದು.

ಈ ಬರಹ ಆ ಯಜಮಾನರ ಮೇಲಿನ ಸಿಟ್ಟಿಗೆ ಬರೆದದ್ದಲ್ಲ. ಅವರಿಗೆ ಯಾರೂ ಹೇಳಲಿಲ್ಲ, ಅಷ್ಟೆ. ಸಿಟ್ಟು ಇರುವುದು ಒಂದು ಮಾತಿನ ಮೇಲೆ. ಹಳ್ಳಿಯವನಿಗೆ ಗಾಡಿ ಅಂದರೆ ಬರೀ ಕೆಲಸ, ಅದರ ಖುಷಿ ಅನುಭವಿಸುವುದು ಪೇಟೆಯವರ ಹಕ್ಕು ಅನ್ನುವ ಮಾತು. ಬೆಂಗಳೂರಿನವರು ಶನಿವಾರ ಚರ್ಮದ ಜಾಕೆಟ್ ಹಾಕಿಕೊಂಡು ನಮ್ಮ ರಸ್ತೆಗೆ ಬಂದು, ನಮ್ಮ ಕೆರೆ ಏರಿ ಮೇಲೆ ನಿಂತು ಫೋಟೋ ತೆಗೆಸಿಕೊಂಡರೆ ಅದು "ರೈಡ್". ಅದೇ ಏರಿ ಮೇಲೆ ನಾವು ದಿನಾ ಹೋದರೆ ಅದು ಹಾಲು ಹಾಕಿ ಬರುವುದು. ಅವರ ಮನೆಯಲ್ಲಿ ನಿಂತ ಯೆಜ್ಡಿ "ವಿಂಟೇಜ್". ನಮ್ಮ ಕೊಟ್ಟಿಗೆಯಲ್ಲಿ ನಿಂತ ಅದೇ ಯೆಜ್ಡಿ "ಗುಜರಿ". ಈ ಲೆಕ್ಕವನ್ನು ನಾವು ಒಪ್ಪುವುದಿಲ್ಲ.

ನಮ್ಮ ಮನೆಯಲ್ಲೂ ಒಂದಿದೆ, ಯೆಜ್ಡಿ ರೋಡ್‌ಕಿಂಗ್. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಪ್ಪ ತೀರಿಕೊಂಡ ಮೇಲೆ ನಾಲ್ಕು ವರ್ಷ ಗೋಣಿಚೀಲದ ಅಡಿಯಲ್ಲಿ ನಿಂತಿತ್ತು. ಏರ್ ಫಿಲ್ಟರ್ ಡಬ್ಬದಲ್ಲಿ ಇಲಿ ಗೂಡು ಕಟ್ಟಿತ್ತು. ಚಿಕ್ಕಪ್ಪ ಪ್ರತಿ ಹಬ್ಬಕ್ಕೂ ಬಂದಾಗ ಒಂದೇ ಮಾತು: "ಅದನ್ನ ಕೊಟ್ಟು ಅತ್ಲಾಗೆ ಒಂದು ಹೊಸದು ತಗೊಳ್ರೋ." ತಗೊಳ್ಳಲೂ ಹೊರಟಿದ್ದೆವು. ಶೋರೂಮಿಗೆ ಹೋಗಿ ಕೂತು, ಜ್ಯೂಸ್ ಕುಡಿದು, ಕಂತಿನ ಲೆಕ್ಕ ಕೇಳಿ ಎದ್ದು ಬಂದೆವು. ನಮ್ಮ ಸುದ್ದಿಗೆ ಪತ್ರಿಕೆಯವರು ಕೊಡುವ ದುಡ್ಡಿಗೂ ಆ ಕಂತಿಗೂ ತಾಳೆಯೇ ಆಗಲಿಲ್ಲ. ಹೀಗಾಗಿ ಹಳೆಯದು ಉಳಿಯಿತು. ಉಳಿದದ್ದು ಜಾಣತನದಿಂದಲ್ಲ, ಬಡತನದಿಂದ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ಆಮೇಲೆ ಅದನ್ನು ಎಬ್ಬಿಸಿದೆವು. ಪ್ಲಗ್ ಬದಲಾಯಿಸಿ, ಪಾಯಿಂಟ್ ಉಜ್ಜಿ, ಕಾರ್ಬುರೇಟರ್ ಬಿಚ್ಚಿ ತೊಳೆದು, ಟ್ಯಾಂಕಿನ ತುಕ್ಕು ತೆಗೆಸಿ, ಹೊಸ ಕೇಬಲ್ ಹಾಕಿಸಿ. ಯೆಜ್ಡಿಗೆ ಕಿಕ್ಕರ್ ಬೇರೆ, ಗೇರ್ ಬೇರೆ ಇಲ್ಲ ಅನ್ನುವುದು ಈಗಿನ ಹುಡುಗರಿಗೆ ಗೊತ್ತಿಲ್ಲ. ಎಡಗಡೆ ಇರುವ ಒಂದೇ ಲಿವರ್. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಬಿಟ್ಟರೆ ಗೇರ್. ಹದಿನೈದನೇ ಕಿಕ್ಕಿಗೆ ಕೆಮ್ಮಿತು. ಇಪ್ಪತ್ತನೆಯದಕ್ಕೆ ಎರಡೂ ಸೈಲೆನ್ಸರಿನಿಂದ ಹೊಗೆ ಬಂತು. ಅಮ್ಮ ಅಡುಗೆ ಮನೆಯಿಂದ ಓಡಿ ಬಂದವರು ಬಾಗಿಲಲ್ಲೇ ನಿಂತರು. ಅವರು ಆ ಶಬ್ದಕ್ಕೆ ಇಪ್ಪತ್ತೈದು ವರ್ಷ ಅನ್ನ ಬಡಿಸಲು ಎದ್ದವರು.

ಈ ಗಾಡಿ ಬಂದದ್ದು ಎಲ್ಲಿಂದ ಅಂತ ನಮ್ಮ ಶಾಲೆಯ ಪುಸ್ತಕದಲ್ಲಿ ಯಾರೂ ಬರೆಯಲಿಲ್ಲ. ಬರೆಯಬೇಕಿತ್ತು. ಅದು ಮೈಸೂರಿನದು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಅನ್ನುವ ಕಾರ್ಖಾನೆ ಇತ್ತು. ಇರಾನಿ ಎಂಬ ಪಾರ್ಸಿ ಮನೆತನದವರು ಆಗಿನ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ತಂದು 1960ರ ದಶಕದ ಆರಂಭದಲ್ಲಿ ಅಲ್ಲಿ ಬೈಕ್ ಮಾಡಲು ಶುರು ಮಾಡಿದರು. 1973ರಿಂದ ಅದೇ ಗಾಡಿಗಳು ಯೆಜ್ಡಿ ಅನ್ನುವ ಹೆಸರಲ್ಲಿ ಬಂದವು. ಇರಾನಿನ ಯಜ್ದ್ ಊರಿನ ಹೆಸರದು. ಇರಾನಿನ ಊರ ಹೆಸರು ಹೊತ್ತು, ಚೆಕ್ ಎಂಜಿನ್ ಹೊತ್ತು, ಮೈಸೂರಿನ ಕೆಲಸಗಾರರ ಕೈಯಲ್ಲಿ ಬೆಳೆದ ಗಾಡಿ ಸೊರಬದ ಗದ್ದೆ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕೊನೆಯ ಕಾಲದ ಗಾಡಿಗೂ ಈಗ ಮೂವತ್ತರ ಆಸುಪಾಸು ವಯಸ್ಸು.

ಆ ಎರಡೂ ಹೆಸರು ಈಗ ಮತ್ತೆ ಬಂದಿವೆ. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ. ನೋಡಲು ಚೆಂದ ಇವೆ, ಸುಳ್ಳು ಹೇಳುವುದಿಲ್ಲ. ಆದರೆ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನ ನೆನಪನ್ನು ನಮಗೇ ತಿರುಗಿ ಮಾರುತ್ತಾರೆ, ಕಂತಿನ ಮೇಲೆ. ನೆನಪು ಕೊಟ್ಟಿಗೆಯಲ್ಲೇ ಇರುವವನು ಯಾಕೆ ಕೊಳ್ಳಬೇಕು?

ಖುಷಿ ಖುಷಿ ಅಂದೆವು. ಏನದು ಖುಷಿ ಅಂತ ಕೇಳುತ್ತೀರಿ. ಹೇಳುತ್ತೇವೆ.

ಬೆಳಿಗ್ಗೆ ಆರೂವರೆಗೆ ಆನವಟ್ಟಿ ಬಿಟ್ಟು ಕುಬಟೂರಿನ ಕಡೆ ತಿರುಗಿ. ಕೋಟಿಪುರದ ಕೈಟಭೇಶ್ವರ ದೇವಸ್ಥಾನದ ಮುಂದೆ ಎಂಜಿನ್ ಆರಿಸಿ ನಿಲ್ಲಿ. ಬಿಸಿ ಸಿಲಿಂಡರ್ ಟಿಕ್ ಟಿಕ್ ಅಂತ ತಣ್ಣಗಾಗುವ ಸದ್ದು, ಒಳಗಿನ ಕಂಬಗಳ ನಡುವೆ ಪಾರಿವಾಳದ ಸದ್ದು. ಇನ್ನೊಂದು ದಿನ ಜಡೆ ಕಡೆಯಿಂದ ಬನವಾಸಿಗೆ ಹೋಗಿ. ಜಿಲ್ಲೆ ದಾಟಿದ್ದು ಬೋರ್ಡ್ ನೋಡಿದರೆ ಮಾತ್ರ ಗೊತ್ತಾಗುತ್ತದೆ, ಗದ್ದೆ ಅದೇ, ಮಾತು ಅದೇ. ವರದಾ ನದಿಯ ದಡದಲ್ಲಿ ಮಧುಕೇಶ್ವರ. ಶಿರಾಳಕೊಪ್ಪದ ಕಡೆ ಹೋದರೆ ಬಳ್ಳಿಗಾವಿ, ತಾಳಗುಂದ. ತಾಳಗುಂದದ ಕಂಬದ ಶಾಸನದಲ್ಲಿ ಮಯೂರಶರ್ಮ ಕಂಚಿಗೆ ಓದಲು ಹೋಗಿ, ಪಲ್ಲವರ ಕುದುರೆ ಸವಾರರ ಜೊತೆ ಜಗಳವಾಡಿ, ಕೊನೆಗೆ ರಾಜ್ಯ ಕಟ್ಟಿದ ಕಥೆ ಇದೆ. ಸವಾರನ ಸೊಕ್ಕು ಹಳೇ ಕಾಲದಿಂದಲೂ ಇದೆ ಅಂತಾಯ್ತು.

ಈ ರಸ್ತೆಗಳಲ್ಲಿ ಯೆಜ್ಡಿ ನಲವತ್ತು, ನಲವತ್ತೈದರಲ್ಲಿ ಹೋದಾಗ ಸುಖ. ಅದಕ್ಕಿಂತ ಜೋರು ಹೋಗಲು ಅದಕ್ಕೆ ಶಕ್ತಿ ಇದೆ, 250 ಸಿಸಿ, ಹದಿನಾರು ಕುದುರೆ. ನಿಲ್ಲಿಸುವ ಶಕ್ತಿ ಮಾತ್ರ ಅಷ್ಟಿಲ್ಲ. ಡ್ರಮ್ ಬ್ರೇಕು, ಹಿಡಿದರೆ ಯೋಚನೆ ಮಾಡಿ ನಿಲ್ಲುತ್ತದೆ. ಹಾಗಾಗಿ ನೀವೇ ಮುಂಚಿತವಾಗಿ ನೋಡಬೇಕು: ತಿರುವಿನಲ್ಲಿ ಮೆಕ್ಕೆಜೋಳ ಒಣಗಲು ಹಾಕಿದ್ದಾರಾ, ಎಮ್ಮೆ ಅಡ್ಡ ಬರುತ್ತದಾ, ಕೆರೆ ಕೋಡಿ ಬಿದ್ದು ರಸ್ತೆ ಮೇಲೆ ನೀರು ಬಂದಿದೆಯಾ. ನೋಡುತ್ತಾ ಹೋದವನಿಗೆ ಊರು ಕಾಣುತ್ತದೆ. ನಮಗೆ ಸುದ್ದಿ ಸಿಕ್ಕಿದ್ದೇ ಹಾಗೆ. ಶುಂಠಿ ಹೊಲದಲ್ಲಿ ಗಿಡ ಹಳದಿಯಾಗಿ ಕೊಳೆ ರೋಗ ಬಂದಿರುವುದು, ಅಂಗನವಾಡಿ ಬಾಗಿಲಿಗೆ ಹತ್ತು ಗಂಟೆಗೂ ಬೀಗ ಇರುವುದು, ಕೆರೆಯ ಅಂಗಳಕ್ಕೆ ಬೇಲಿ ಬಿದ್ದಿರುವುದು. ಇವೆಲ್ಲ ಎಂಬತ್ತರ ಸ್ಪೀಡಿನಲ್ಲಿ ಹಸಿರು ಬಣ್ಣದ ಒಂದು ಗೆರೆ ಮಾತ್ರ.

ಇನ್ನೊಂದು ಸುಖ ಇದೆ, ಜನ ಮಾತಾಡಿಸುತ್ತಾರೆ. ಹೊಸ ದೊಡ್ಡ ಬೈಕ್ ನಿಲ್ಲಿಸಿದರೆ ಹುಡುಗರು ರೇಟು ಕೇಳುತ್ತಾರೆ, ದೊಡ್ಡವರು ದೂರ ಸರಿಯುತ್ತಾರೆ. ಯೆಜ್ಡಿ ನಿಲ್ಲಿಸಿದರೆ ಎಪ್ಪತ್ತು ವರ್ಷದ ಅಜ್ಜ ಬಂದು ಟ್ಯಾಂಕ್ ಸವರುತ್ತಾರೆ. "ನಮ್ದೂ ಒಂದಿತ್ತು ತಮ್ಮಾ, ಮಾವನ ಮನಿಗೆ ಹೋದಾಗ ಇದ್ರಾಗೇ ಹೋಗಿದ್ದೆ." ಆಮೇಲೆ ಬೀಡಿ ಹಚ್ಚಿ ಕೂರುತ್ತಾರೆ. ಪಹಣಿಯಲ್ಲಿ ಹೆಸರು ತಪ್ಪಾದ ವಿಷಯವೂ ಆಮೇಲೆ ಬರುತ್ತದೆ. ಯಾವ ಪ್ರೆಸ್ ಕಾರ್ಡಿಗೂ ತೆರೆಯದ ಬಾಗಿಲು ಈ ಗಾಡಿಗೆ ತೆರೆದಿದೆ.

ಈಗ ಎದುರು ಮಾತು. ಚಿಕ್ಕಪ್ಪನ ಮೊದಲ ಬಾಣ ಮೈಲೇಜು. ನಿಜ, ನಮ್ಮದು ಲೀಟರಿಗೆ ಮೂವತ್ತು ದಾಟಿದ್ದಿಲ್ಲ. ಅಷ್ಟೇ ಪೆಟ್ರೋಲ್ ಕುಡಿದು ಡಬಲ್ ದೂರ ಹೋಗುವ ನೂರು ಸಿಸಿ ಗಾಡಿಗಳು ಊರು ತುಂಬಾ ಇವೆ. ದಿನಾ ಡೈರಿಗೆ, ಮಕ್ಕಳನ್ನು ಶಾಲೆಗೆ ಬಿಡಲು ಅವೇ ಸರಿ. ರಾತ್ರಿ ಹೆರಿಗೆ ನೋವು ಬಂದರೆ ಯೆಜ್ಡಿ ಕಿಕ್ ಹೊಡೆಯುತ್ತಾ ನಿಲ್ಲಿ ಅಂತ ನಾವು ಹೇಳುವುದಿಲ್ಲ. ನಮ್ಮ ತಂಗಿಗೆ ಅದನ್ನು ಕಿಕ್ ಹೊಡೆಯಲು ಆಗುವುದಿಲ್ಲ. ಅವಳ ಸ್ಕೂಟಿಯೇ ಮನೆಯ ನಿಜವಾದ ಗಾಡಿ. ಹಾಗಾಗಿ ಅವಳೂ ನಮ್ಮನ್ನು ನೋಡಿ ನಗುತ್ತಾಳೆ. ನಗಲಿ.

ಆದರೆ ಮೈಲೇಜಿನ ಲೆಕ್ಕ ಹೇಳುವವರು ಇನ್ನೊಂದು ಲೆಕ್ಕ ಯಾಕೆ ಹೇಳುವುದಿಲ್ಲ? 2025ರ ಸೆಪ್ಟೆಂಬರಿನಲ್ಲಿ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಒಳ್ಳೆಯದೇ. ಶೋರೂಮುಗಳ ಮುಂದೆ ಬಾವುಟ ಕಟ್ಟಿದರು. ನಮ್ಮ ಊರಿನ ಹುಡುಗರು ದುಡ್ಡು ಉಳಿಯಿತು ಅಂತ ಗಾಡಿ ಕೊಳ್ಳಲಿಲ್ಲ. ಉಳಿದ ದುಡ್ಡಿಗೆ ಇನ್ನೂ ಒಂದು ಮೆಟ್ಟಿಲು ದೊಡ್ಡ ಗಾಡಿ ಕೊಂಡರು. ನೂರು ಸಿಸಿ ಸಾಕಾಗಿದ್ದವನು 350ಕ್ಕೆ ಹೋದ. ಮೆಕ್ಕೆಜೋಳದ ದರ ಬಿದ್ದ ವರ್ಷ ಕಂತು ಕಟ್ಟಲಾಗದೆ ಗಾಡಿಯನ್ನು ಫೈನಾನ್ಸಿನವರು ಎಳೆದುಕೊಂಡು ಹೋಗುವುದನ್ನು ನಾವು ಒಂದಲ್ಲ, ಹಲವು ಮನೆ ಮುಂದೆ ನಿಂತು ನೋಡಿದ್ದೇವೆ. ಆ ಸುದ್ದಿ ಬರೆಯಬೇಡಿ ಅಂತ ಆ ಮನೆಯವರೇ ಕೈ ಮುಗಿದಿದ್ದಾರೆ. ಬರೆದಿಲ್ಲ.

ಬೈಕಿನ ಆಸೆ ತಪ್ಪಲ್ಲ. ನಮ್ಮ ಹೋರಿ ಬೆದರಿಸುವ ಹಬ್ಬದಲ್ಲಿ ಬೈಕನ್ನೇ ಬಹುಮಾನ ಇಡುತ್ತಾರೆ. ಹುಡುಗರು ಕೊಂಬಿನ ಮುಂದೆ ಎದೆ ಕೊಡುತ್ತಾರೆ. ಅಷ್ಟು ಆಸೆ ಇದೆ ಅಂದ ಮೇಲೆ ಆ ಆಸೆ ಮನೆಯಲ್ಲೇ ಇರುವ ಗಾಡಿಯ ಕಡೆ ಯಾಕೆ ತಿರುಗಬಾರದು ಅನ್ನುವುದೇ ನಮ್ಮ ತಕರಾರು.

ಮೆಕ್ಯಾನಿಕ್ ವಿಷಯಕ್ಕೆ ಬರೋಣ. ನಮ್ಮ ಗಾಡಿ ಎಬ್ಬಿಸಿದವರಿಗೆ ಅರವತ್ತು ದಾಟಿದೆ. ಕಿವಿಯಲ್ಲಿ ಕೇಳಿ ಟೈಮಿಂಗ್ ಹೇಳುತ್ತಾರೆ. ಹೊಸ ಗಾಡಿಗಳು ಅವರ ಅಂಗಡಿಗೆ ಬರುವುದು ಕಡಿಮೆಯಾಗಿದೆ. 2020ರ ಏಪ್ರಿಲಿನಿಂದ ಬಿಎಸ್ 6 ಬಂದ ಮೇಲೆ ಹೆಚ್ಚಿನ ಗಾಡಿಗಳಿಗೆ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು, ಸೆನ್ಸರ್ ಬಂತು. ಲೈಟ್ ಹತ್ತಿದರೆ ಯಂತ್ರ ಚುಚ್ಚಿ ನೋಡಬೇಕು, ಯಂತ್ರ ಇರುವುದು ಕಂಪನಿ ಸರ್ವಿಸಿನಲ್ಲಿ. ಗಾಳಿ ಸ್ವಚ್ಛ ಇರಬೇಕು ಅಂದರೆ ಇದು ಬೇಕು, ಬೇಡ ಅನ್ನುವುದಿಲ್ಲ. ಆದರೆ ಸ್ಪ್ಯಾನರ್ ಹಿಡಿದು ನಾಲ್ಕು ಮನೆಯ ಗಾಡಿ ರಿಪೇರಿ ಮಾಡಿ ಬದುಕಿದವರ ಕೆಲಸ ಹೋಗುತ್ತಿದೆ. ಅವರ ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸದಲ್ಲಿದ್ದಾನೆ. "ಕಲಿ ಅಂದ್ರೆ ಯಾವುದರ ಮೇಲೆ ಕಲೀಲಿ? ಹಳೇ ಗಾಡಿ ಎಲ್ಲಾ ಲಾರಿ ಹತ್ತಿದ್ವಲ್ಲ" ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಹೊಗೆಯ ಮಾತು. ಟೂ ಸ್ಟ್ರೋಕ್ ಹೊಗೆ ಬಿಡುತ್ತದೆ, ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯುತ್ತದಲ್ಲ. ಕೈಯಳತೆಯಲ್ಲಿ 2ಟಿ ಆಯಿಲ್ ಸುರಿಯುವವರ ಗಾಡಿ ಇನ್ನೂ ಜಾಸ್ತಿ ಬಿಡುತ್ತದೆ. ಅಳತೆ ಲೋಟ ಇಟ್ಟುಕೊಳ್ಳಿ, ಸೈಲೆನ್ಸರಿನ ಒಳಗಿನ ಜಾಲರಿ ಬಿಚ್ಚಿ ಮಸಿ ತೆಗೆಸಿ, ಅರ್ಧ ಹೊಗೆ ಅಲ್ಲೇ ಹೋಗುತ್ತದೆ. ಎಮಿಷನ್ ಟೆಸ್ಟ್ ಮಾಡಿಸಿ, ಅಲ್ಲಿ ನಿಂತವನಿಗೆ ಚಹಾದ ದುಡ್ಡು ಕೊಟ್ಟು ಚೀಟಿ ತರಬೇಡಿ. ವಾರಕ್ಕೊಂದು ದಿನ ಓಡುವ ಗಾಡಿಯ ಹೊಗೆ ಊರು ಕೆಡಿಸುವುದಿಲ್ಲ. ಊರಿನ ಗಾಡಿಯೆಲ್ಲ ಹೀಗೇ ಇರಲಿ ಅಂತ ವಾದಿಸಿದರೆ ಮಾತ್ರ ಅದು ಸುಳ್ಳು ವಾದ.

ಹಾಗೇ ನಮ್ಮ ಕಡೆಯವರಿಗೇ ಒಂದು ಮಾತು. ಆ ಜಾಲರಿಯನ್ನು ಪೂರ್ತಿ ಕಿತ್ತು ಬಿಸಾಡಿ, ಶಾಲೆ ಮುಂದೆ, ಆಸ್ಪತ್ರೆ ಮುಂದೆ ಪಟಾಕಿ ಹೊಡೆದ ಹಾಗೆ ಹೋಗುವ ತಮ್ಮಂದಿರೇ, ನಿಮ್ಮ ಪರವಾಗಿ ನಾವಿಲ್ಲ. ಶಬ್ದ, ಹೊಗೆಯ ನಿಯಮ ಮುರಿದರೆ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿವರೆಗೆ ದಂಡ ಹಾಕಲು ಕಾನೂನಿದೆ. ಪೊಲೀಸರು ಹಿಡಿದರೆ ನಮಗೆ ಫೋನ್ ಮಾಡಬೇಡಿ.

ಇನ್ನು ಕಾಗದ ಪತ್ರ. ಆಟೋದವನ ನಗೆಯ ಹಿಂದೆ ಇರುವುದು ಇದೇ. ಹಳ್ಳಿಯವರು ಗಾಡಿ ಮಾರುವುದು ಕಾಗದಕ್ಕೆ ಹೆದರಿ. "ಆರ್‌ಸಿ ಮುಗಿದು ಎಷ್ಟೋ ವರ್ಷ ಆತು, ಇನ್ನು ಇದು ಸತ್ತ ಲೆಕ್ಕ" ಅಂತ. ಸತ್ತಿಲ್ಲ. ಬೈಕಿನ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬಹುದು. ಗಾಡಿ ಓಡುವ ಸ್ಥಿತಿಯಲ್ಲಿರಬೇಕು, ಫಾರಂ 25 ತುಂಬಬೇಕು, ಇನ್ಶೂರೆನ್ಸ್ ಮತ್ತು ಎಮಿಷನ್ ಚೀಟಿ ಬೇಕು. ಶುಲ್ಕ ಮಾತ್ರ ಏರಿಸಿದ್ದಾರೆ. ಹದಿನೈದು ವರ್ಷ ದಾಟಿದ ಬೈಕಿಗೆ 2022ರ ಏಪ್ರಿಲಿನಿಂದ 1,000 ರೂಪಾಯಿ, ಇಪ್ಪತ್ತು ದಾಟಿದ್ದಕ್ಕೆ 2025ರ ಆಗಸ್ಟಿನಿಂದ 2,000. ಹಸಿರು ತೆರಿಗೆ ಬೇರೆ, ತಡವಾದ ತಿಂಗಳುಗಳ ದಂಡ ಬೇರೆ. ಬಡವನ ಹಳೇ ಗಾಡಿಗೆ ಇದು ಅನ್ಯಾಯದ ಏರಿಕೆ ಅನ್ನುವುದು ನಮ್ಮ ಅಭಿಪ್ರಾಯ. ಆದರೂ ಹೊಸ ಗಾಡಿಯ ಒಂದೆರಡು ಕಂತಿಗೆ ಹೋಲಿಸಿ ನೋಡಿ.

ಮನೆಯ ಯಜಮಾನರು ತೀರಿಕೊಂಡಿದ್ದರೆ ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕು. ಮೂವತ್ತು ದಿನದಲ್ಲಿ ತಿಳಿಸಬೇಕು, ಮೂರು ತಿಂಗಳಲ್ಲಿ ಅರ್ಜಿ ಹಾಕಬೇಕು ಅನ್ನುತ್ತದೆ ಕಾನೂನು. ನಾವು ನಾಲ್ಕು ವರ್ಷ ಬಿಟ್ಟಿದ್ದೆವು. ಕಚೇರಿಗೆ ಐದು ಸಲ ಅಲೆದೆವು, ಒಂದು ಸಲ ಸರ್ವರ್ ಡೌನ್, ಇನ್ನೊಂದು ಸಲ ಸಹಿ ಮಾಡುವವರು ಊಟಕ್ಕೆ. ಆದರೂ ಆಯ್ತು.

ಮಾರಲೇಬೇಕು ಅಂದರೂ ಹೆಸರು ವರ್ಗಾವಣೆ ಮಾಡಿಸದೆ ಗಾಡಿ ಆಟೋ ಹತ್ತಿಸಬೇಡಿ. ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ, ಆಮೇಲೆ ಅದು ಎಷ್ಟು ಕೈ ತಿರುಗುತ್ತದೋ ದೇವರಿಗೇ ಗೊತ್ತು. ಗಾಡಿ ಎಷ್ಟು ಕೈ ಬದಲಾಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಎಲ್ಲೋ ಬೆಂಗಳೂರಿನಲ್ಲಿ ಯಾರೋ ಯಾರಿಗೋ ಗುದ್ದಿದರೆ ನೋಟಿಸ್ ಬರುವುದು ಆನವಟ್ಟಿ ಅಂಚೆಗೆ.

"ಐವತ್ತು ವರ್ಷದ್ದಾದರೆ ವಿಂಟೇಜ್ ಮಾಡಿಸಿಬಿಡಿ, ಮರ್ಯಾದೆ ಬರುತ್ತೆ" ಅಂತ ಒಬ್ಬರು ಸಲಹೆ ಕೊಟ್ಟರು. 2021ರಲ್ಲಿ ಆ ನಿಯಮ ಬಂದಿದೆ. ನೋಂದಣಿಗೆ 20,000 ರೂಪಾಯಿ. ಅಷ್ಟು ಕೊಟ್ಟ ಮೇಲೆ ಆ ಗಾಡಿಯನ್ನು ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಮಾತ್ರ ಹೊರಗೆ ತರಬಹುದು. ಜಡೆಗೆ ಹೋಗಿ ಟೀ ಕುಡಿದು ಬರುವ ಹಾಗಿಲ್ಲ. ಅಂದರೆ ಗಾಡಿಗೆ ಸನ್ಯಾಸ ದೀಕ್ಷೆ. ನಮಗೆ ಬೇಡ. ಸಾಮಾನ್ಯ ನೋಂದಣಿಯಲ್ಲೇ ಇರಲಿ, ಕೆಸರು ಮೆತ್ತಿಕೊಳ್ಳಲಿ.

ಎಬ್ಬಿಸಲು ಹೊರಟವರಿಗೆ ಒಂದೆರಡು ಅನುಭವದ ಮಾತು. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರು ಹೀರುತ್ತದೆ, ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರ್ ಎರಡೂ ಖಾಲಿ ಮಾಡಿ. ಹಳೇ ರಬ್ಬರ್ ಪೈಪು, ವಾಷರ್ ಮೆದುವಾಗಿ ಸೋರುತ್ತವೆ, ಮೊದಲೇ ಬದಲಾಯಿಸಿ. ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ಊರಿಗೆ ಹೋಗಿ ಬರುವವರ ಕೈಯಲ್ಲಿ ತರಿಸಬಹುದು. ಹಳೆಯದನ್ನು ಬಿಚ್ಚಿ ಕಳಿಸಿ, ಫೋನಿನಲ್ಲಿ ಫೋಟೋ ತೋರಿಸಿದರೆ ಬೇರೆಯದೇ ಬರುತ್ತದೆ. ನಮಗೆ ಎರಡು ಸಲ ಬಂದಿದೆ. ಇಂಜಿನ್ ಜಾಮ್ ಆಗಿದ್ದರೆ ಕಿಕ್ಕರ್ ಮೇಲೆ ನಿಂತು ಕುಣಿಯಬೇಡಿ, ಪ್ಲಗ್ ತೆಗೆದು ಎಣ್ಣೆ ಬಿಟ್ಟು ಎರಡು ದಿನ ಬಿಡಿ.

ಇದನ್ನು ಬರೆಯುತ್ತಿದ್ದಾಗಲೇ ನಮ್ಮ ಕೇರಿಯ ತುದಿ ಮನೆಯ ಅಜ್ಜ ಬಂದರು. ಅವರ ಹಿತ್ತಲಲ್ಲಿ ಒಂದು ಜಾವಾ ಇದೆ, ಮೇಲೆ ಹಾಗಲ ಬಳ್ಳಿ ಹಬ್ಬಿದೆ. ಆಟೋದವನು ಅವರ ಮನೆಗೂ ಹೋಗಿದ್ದನಂತೆ, ಎಂಟು ಸಾವಿರ ಹೇಳಿದನಂತೆ. "ಕೊಡಬೇಕು ಅಂತಿದ್ದೆ" ಅಂದರು. ಸ್ವಲ್ಪ ಹೊತ್ತು ನಮ್ಮ ಯೆಜ್ಡಿಯ ಸುತ್ತ ತಿರುಗಿದರು. ಲಿವರ್ ಒಳಗೆ ಒತ್ತಿ ನೋಡಿದರು. ಆಮೇಲೆ ಕೇಳಿದರು:

"ತಮ್ಮಾ, ಇದರ ಪ್ಲಗ್ಗು ಆನವಟ್ಟಿಯಾಗೇ ಸಿಗ್ತದಾ?"